ಕಟ್ತೀನಿ ಅಂದರೆ ಯಾವಾಗ?

ಕಳೆದ ದಸರಾ ರಜೆಗೆ ದಾವಣಗೆರೆಯಿಂದ ನನ್ನ ಮೊಮ್ಮಗಳು ಹಿರೇಹಡಗಲಿಗೆ ಬಂದಿದ್ದಳು. ಈಗ ಏಳನೇ ತರಗತಿ. ಮನೆಯಲ್ಲಿ ನಾವೆಲ್ಲ ಅವಳನ್ನು ಪುಟ್ಟಿ ಎನ್ನುತ್ತೇವೆ. ಬಂದ ಮೊದಲ ಮೂರು ದಿನ ಆಟ, ಓಟ, ಅಜ್ಜಿ ಮಾಡಿದ ಹೋಳಿಗೆ. ನಾಲ್ಕನೇ ದಿನ ಬೆಳಿಗ್ಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ನನ್ನ ಬೆನ್ನು ಹತ್ತಿದಳು. ನಾನು ಹಲ್ಲುಜ್ಜಿದರೆ ಬರೆದುಕೊಂಡಳು. ತುಳಸಿಗೆ ನೀರು ಹಾಕಿದರೆ ಬರೆದುಕೊಂಡಳು. ಕಟ್ಟೆಯ ಮೇಲೆ ಕೂತು ಪೇಪರ್ ಬಿಚ್ಚಿದರೆ ಅದನ್ನೂ ಬರೆದುಕೊಂಡಳು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಇನ್‌ಸ್ಪೆಕ್ಷನ್ನಿಗೆ ಬಂದ ಆಡಿಟರುಗಳೂ ನನ್ನನ್ನು ಹೀಗೆ ಹಿಂಬಾಲಿಸಿರಲಿಲ್ಲ.

“ಏನವ್ವಾ ಇದು?” ಎಂದೆ.

“ಹೋಂವರ್ಕ್ ಅಜ್ಜಾ. ಮನೆಯ ಹಿರಿಯರೊಬ್ಬರ ದಿನಚರಿ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೀಬೇಕು. ಎಲ್ಲಾ ಸಿಂಪಲ್ ಪ್ರೆಸೆಂಟ್ ಟೆನ್ಸ್‌ನಲ್ಲೇ ಇರಬೇಕು” ಎಂದಳು.

ನೋಟ್‌ಬುಕ್ಕು ಇಸಿದುಕೊಂಡು ನೋಡಿದೆ. ಮೊದಲ ವಾಕ್ಯ: ‘ಮೈ ಗ್ರ್ಯಾಂಡ್‌ಫಾದರ್ ವೇಕ್ ಅಪ್ ಅಟ್ ಫೈವ್.’ ಎರಡನೆಯದು: ‘ಹಿ ಈಸ್ ರೀಡಿಂಗ್ ಪೇಪರ್ ಡೈಲಿ.’ ಮೂರನೆಯದು: ‘ಹಿ ಡಸ್ ನಾಟ್ ಡ್ರಿಂಕ್ಸ್ ಕಾಫಿ.’ ನಾಲ್ಕನೆಯದು: ‘ಹಿ ಈಸ್ ಹ್ಯಾವಿಂಗ್ ಟೂ ಸ್ಪೆಕ್ಟಕಲ್ಸ್.’

ನಗು ಬಂತು. ಆದರೆ ನಗಲಿಲ್ಲ. ಈ ನಾಲ್ಕೂ ತಪ್ಪುಗಳನ್ನು ನಾನೂ ಮಾಡಿದವನೇ. ಮೊದಲ ಮೂರನ್ನು ಶಾಲೆಯಲ್ಲಿ, ನಾಲ್ಕನೆಯದನ್ನು ಬ್ಯಾಂಕಿನ ಪತ್ರಗಳಲ್ಲಿ. ಇವೆಲ್ಲಕ್ಕಿಂತ ದೊಡ್ಡ ಇನ್ನೊಂದು ತಪ್ಪು ಮಾಡಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಪುಟ್ಟಿಯ ವಾಕ್ಯಗಳನ್ನು ಸರಿ ಮಾಡೋಣ. ಮಕ್ಕಳೇ, ನೀವೂ ಒಂದು ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ.

ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿದ ಕೂಡಲೇ ಒಳಗಿನಿಂದ ಅವಳ ಅಜ್ಜಿ ಕೂಗಿದಳು: “ಐದಕ್ಕ ಏಳ್ತಾರಂತ! ಇವತ್ತ ಆರೂವರಿಗೆ ಎದ್ದಾರ, ನಾ ನೋಡೀನಿ!”

ಪುಟ್ಟಿಗೆ ಗಾಬರಿ. “ಹಾಗಾದ್ರೆ ಈ ವಾಕ್ಯ ಸುಳ್ಳಾ ಅಜ್ಜಾ? ಅಳಿಸಲಾ?”

ಅಳಿಸಬೇಡ ಎಂದೆ. ಈ ಸಿಂಪಲ್ ಪ್ರೆಸೆಂಟ್‌ಗೆ ಕನ್ನಡದಲ್ಲಿ ವರ್ತಮಾನ ಕಾಲ ಎನ್ನುತ್ತೇವೆ. ವರ್ತಮಾನ ಎಂದರೆ ಈಗ ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಈ ಕಾಲಕ್ಕೆ ‘ಈಗ’ ಮುಖ್ಯವೇ ಅಲ್ಲ. ಮುಖ್ಯವಾದದ್ದು ರೂಢಿ. ಅಜ್ಜ ಸಾಮಾನ್ಯವಾಗಿ ಐದಕ್ಕೆ ಏಳುತ್ತಾನೆ. ಒಂದು ದಿನ ಮೈಮರೆತು ಮಲಗಿದರೆ ಆ ರೂಢಿ ಸುಳ್ಳಾಗುವುದಿಲ್ಲ. ರಾತ್ರಿ ಹತ್ತು ಗಂಟೆಗೆ ನಾನು ಗೊರಕೆ ಹೊಡೆಯುತ್ತಿರುವಾಗಲೂ ‘ಅಜ್ಜ ದಿನಾ ಪೇಪರ್ ಓದುತ್ತಾನೆ’ ಎಂಬ ಮಾತು ನಿಜವೇ. ಆ ಹೊತ್ತಿನಲ್ಲಿ ‘ಅಜ್ಜ ಪೇಪರ್ ಓದುತ್ತಿದ್ದಾನೆ’ ಎಂದರೆ ಮಾತ್ರ ಸುಳ್ಳು. ಇಂಗ್ಲಿಷಿನಲ್ಲೂ ಅಷ್ಟೇ. ‘ಹಿ ರೀಡ್ಸ್’ ಎಂದರೆ ಓದುವ ರೂಢಿ ಉಳ್ಳವನು. ‘ಹಿ ಈಸ್ ರೀಡಿಂಗ್’ ಎಂದರೆ ಈ ಗಳಿಗೆಯಲ್ಲಿ ಅವನ ಕೈಯಲ್ಲಿ ಪೇಪರ್ ಇದೆ. ಹಾಗಾಗಿ ‘ಡೈಲಿ’ ಎಂದು ಬರೆದ ಮೇಲೆ ‘ಈಸ್ ರೀಡಿಂಗ್’ ಬರಬಾರದು, ‘ರೀಡ್ಸ್’ ಬರಬೇಕು.

ರೂಢಿಯ ಜೊತೆಗೆ ಎಂದಿಗೂ ಬದಲಾಗದ ಸಂಗತಿಗಳಿಗೂ ಇದೇ ಕಾಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ. ತುಂಗಾ ಮತ್ತು ಭದ್ರಾ ಕೂಡಲಿಯಲ್ಲಿ ಸೇರುತ್ತವೆ. ಭರತ ಹುಣ್ಣಿಮೆಗೆ ನಮ್ಮ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ ನಡೆಯುತ್ತದೆ, ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನಿನ್ನೆ ನುಡಿದನೇ, ಈಗ ನುಡಿಯುತ್ತಿದ್ದಾನೆಯೇ ಎಂಬ ಪ್ರಶ್ನೆ ಇಲ್ಲಿಲ್ಲ. ವರ್ಷ ವರ್ಷವೂ ನಡೆಯುವ ಪದ್ಧತಿ ಅದು. ಬಸ್ಸಿನ ವೇಳಾಪಟ್ಟಿಯೂ ಹೀಗೆಯೇ. ಬಸ್ಸು ಇನ್ನೂ ಹೊರಟಿಲ್ಲ, ನಾಳೆ ಹೊರಡುವುದು. ಆದರೂ ಇಂಗ್ಲಿಷಿನಲ್ಲಿ ‘ದಿ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’ ಎನ್ನಬಹುದು. ಏಕೆಂದರೆ ಅದು ಗೊತ್ತುಪಡಿಸಿದ ವೇಳೆ.

“ಸರಿ ಅಜ್ಜಾ. ಆದ್ರೆ ಈ ಎಸ್ ಯಾಕೆ? ಐ ವೇಕ್ ಅಪ್, ಯು ವೇಕ್ ಅಪ್, ದೇ ವೇಕ್ ಅಪ್. ಹಿ ಬಂದ್ರೆ ಮಾತ್ರ ವೇಕ್ಸ್. ಅವನೇನು ವಿಶೇಷ?”

ಒಳ್ಳೆಯ ಪ್ರಶ್ನೆ. ನಮ್ಮ ಕಾಲದಲ್ಲಿ ಐದನೇ ತರಗತಿಗೆ ಬಂದ ಮೇಲೆ ಎ ಬಿ ಸಿ ಡಿ ಕಲಿಸುತ್ತಿದ್ದರು. ಈಗ 2007ರಿಂದ ಸರಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆಗ ನಮ್ಮ ಮೇಷ್ಟ್ರು ‘ಐ ಗೋ, ವಿ ಗೋ, ಯು ಗೋ, ಹಿ ಗೋಸ್, ಶಿ ಗೋಸ್, ಇಟ್ ಗೋಸ್, ದೇ ಗೋ’ ಎಂದು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ನಾವು ಹೇಳುತ್ತಿದ್ದೆವು. ಏಕೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಬೆನ್ನಿಗೆ ಉತ್ತರ ಬೀಳುತ್ತಿತ್ತು.

ಉತ್ತರ ನಮ್ಮ ಕನ್ನಡದಲ್ಲೇ ಇದೆ. ಕನ್ನಡದಲ್ಲಿ ನಾನು ಮಾಡುತ್ತೇನೆ, ನಾವು ಮಾಡುತ್ತೇವೆ, ನೀನು ಮಾಡುತ್ತೀಯೆ, ನೀವು ಮಾಡುತ್ತೀರಿ, ಅವನು ಮಾಡುತ್ತಾನೆ, ಅವಳು ಮಾಡುತ್ತಾಳೆ, ಅವರು ಮಾಡುತ್ತಾರೆ, ಅದು ಮಾಡುತ್ತದೆ, ಅವು ಮಾಡುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಬಾಲ. ಒಂಬತ್ತು ಬಾಲಗಳನ್ನು ನೀವು ಶಾಲೆಗೆ ಹೋಗುವ ಮೊದಲೇ ತಾಯಿಯ ತೊಡೆಯ ಮೇಲೆ ಕಲಿತಿದ್ದೀರಿ. ಒಂದೂ ತಪ್ಪುವುದಿಲ್ಲ. ಇಂಗ್ಲಿಷಿಗೂ ಹಿಂದೆ ಬೇರೆ ಬೇರೆ ಬಾಲಗಳಿದ್ದವು. ಶತಮಾನಗಳು ಕಳೆದಂತೆ ಒಂದೊಂದೇ ಸವೆದು ಉದುರಿದವು. ಉಳಿದದ್ದು ಒಂದೇ ಒಂದು, ಹಿ, ಶಿ, ಇಟ್‌ಗಳ ಹಿಂದಿನ ಎಸ್. ಬ್ಯಾಂಕಿನಲ್ಲಿ ಕೆಲವು ಹಳೆಯ ಖಾತೆಗಳಿರುತ್ತಿದ್ದವು. ಹಣವೆಲ್ಲ ತೆಗೆದು ಹೋಗಿ, ಒಂದೇ ಒಂದು ರೂಪಾಯಿ ಬಾಕಿ ನಿಂತಿರುತ್ತಿತ್ತು. ಆ ಒಂದು ರೂಪಾಯಿಗೂ ನಾವು ಪ್ರತಿ ಸಲ ಬಾಕಿ ಬರೆದು ಲೆಕ್ಕ ತಾಳೆ ನೋಡಬೇಕಿತ್ತು. ಈ ಎಸ್ ಕೂಡ ಹಾಗೆಯೇ. ಒಂಬತ್ತು ಬಾಲ ನೆನಪಿಟ್ಟವರಿಗೆ ಒಂದು ಬಾಲ ಭಾರವೇ?

“ಆದ್ರೆ ಅಜ್ಜ ದೊಡ್ಡೋರಲ್ಲಾ. ಅಜ್ಜ ಓದ್ತಾರೆ ಅಂತೀವಿ. ದೇ ರೀಡ್ ಅಂತ ಬರೀಬೇಕಲ್ವಾ?”

ಈ ಮರ್ಯಾದೆ ಕನ್ನಡದ್ದು ತಾಯಿ. ಹಿರಿಯರು ಒಬ್ಬರೇ ಇದ್ದರೂ ನಾವು ಬಹುವಚನ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಅಜ್ಜನಿಗೂ ಹಿ, ಹೆಡ್‌ಮಾಸ್ತರರಿಗೂ ಹಿ, ರಾಜನಿಗೂ ಹಿ. ಅಜ್ಜಿಗೂ ಶಿ, ರಾಣಿಗೂ ಶಿ. ಎಲ್ಲರಿಗೂ ಅದೇ ಎಸ್. ಅದು ಅವರ ಭಾಷೆಯ ಪದ್ಧತಿ, ಅಗೌರವವಲ್ಲ.

ಎಸ್ ಹಚ್ಚುವಾಗ ಕಾಗುಣಿತದಲ್ಲಿ ಎರಡು ಎಚ್ಚರ ಬೇಕು. ಗೋ, ವಾಷ್, ವಾಚ್, ಪಾಸ್ ಇಂಥ ಪದಗಳಿಗೆ ಬರಿಯ ಎಸ್ ಸಾಲದು, ಇ ಮತ್ತು ಎಸ್ ಎರಡೂ ಬೇಕು. ಸ್ಟಡಿ, ಕ್ಯಾರಿ, ಕ್ರೈ ಇಂಥ ಪದಗಳ ಕೊನೆಯ ವೈ ಹೋಗಿ ಐ, ಇ, ಎಸ್ ಬರುತ್ತವೆ. ಆದರೆ ಪ್ಲೇ, ಸೇ, ಪೇ ಇವುಗಳಲ್ಲಿ ವೈಗೆ ಮೊದಲು ಎ ಇದೆ. ಹಾಗೆ ಸ್ವರ ಇದ್ದರೆ ವೈ ತನ್ನ ಜಾಗ ಬಿಡುವುದಿಲ್ಲ, ಬರಿಯ ಎಸ್ ಸಾಕು. ‘ಹ್ಯಾವ್’ ಮಾತ್ರ ‘ಹ್ಯಾಸ್’ ಆಗುತ್ತದೆ.

ಈಗ ಮೂರನೆಯ ವಾಕ್ಯ, ‘ಹಿ ಡಸ್ ನಾಟ್ ಡ್ರಿಂಕ್ಸ್ ಕಾಫಿ.’ ಇದಕ್ಕೆ ನಾನು ಬ್ಯಾಂಕಿನ ಲೆಕ್ಕ ಹೇಳಿಕೊಟ್ಟೆ. ಒಬ್ಬ ಗಿರಾಕಿ ನೂರು ರೂಪಾಯಿ ಕಟ್ಟಿದರೆ ಅವನ ಖಾತೆಗೆ ನೂರನ್ನು ಒಂದೇ ಸಲ ಜಮಾ ಮಾಡಬೇಕು. ಎರಡು ಸಲ ಜಮಾ ಮಾಡಿದರೆ ಸಂಜೆ ಲೆಕ್ಕ ಕೂಡುವುದಿಲ್ಲ, ಗುಮಾಸ್ತ ಮನೆಗೆ ಹೋಗುವಂತಿಲ್ಲ. ಒಂದು ವಾಕ್ಯಕ್ಕೆ ಸಿಕ್ಕಿರುವುದು ಒಂದೇ ಎಸ್. ‘ಹಿ ಡ್ರಿಂಕ್ಸ್’ ಎಂಬಲ್ಲಿ ಅದು ಡ್ರಿಂಕ್ ಖಾತೆಯಲ್ಲಿದೆ. ಇಲ್ಲ ಎಂದು ಹೇಳಬೇಕಾದಾಗ ‘ಡು’ ಎಂಬ ಸಹಾಯಕ ಬರುತ್ತಾನೆ. ಎಸ್ ಆ ಖಾತೆಗೆ ವರ್ಗವಾಗಿ ‘ಡಸ್’ ಆಗುತ್ತದೆ. ಆಮೇಲೆ ಡ್ರಿಂಕ್ ಬಳಿ ಏನೂ ಉಳಿಯುವುದಿಲ್ಲ. ‘ಹಿ ಡಸ್ ನಾಟ್ ಡ್ರಿಂಕ್ ಕಾಫಿ.’ ಪ್ರಶ್ನೆ ಕೇಳುವಾಗಲೂ ಇದೇ ಲೆಕ್ಕ. ‘ಡಸ್ ಹಿ ಡ್ರಿಂಕ್ ಕಾಫಿ?’

ಪುಟ್ಟಿಗೆ ಇದು ಬಹಳ ಹಿಡಿಸಿತು. ಅಂದು ಇಡೀ ದಿನ “ಅಜ್ಜಿ, ಎರಡು ಸಲ ಜಮಾ ಮಾಡಬೇಡ” ಎನ್ನುತ್ತ ಸಾರಿಗೆ ಉಪ್ಪು ಹಾಕುವಾಗಲೂ ಅಜ್ಜಿಯನ್ನು ಕಾಡಿದಳು.

ನಾಲ್ಕನೆಯ ವಾಕ್ಯ, ‘ಹಿ ಈಸ್ ಹ್ಯಾವಿಂಗ್ ಟೂ ಸ್ಪೆಕ್ಟಕಲ್ಸ್.’ ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ‘ವಿ ಆರ್ ಹ್ಯಾವಿಂಗ್ ಯುವರ್ ಅಕೌಂಟ್’, ‘ಐ ಆಮ್ ನೋಯಿಂಗ್ ದಿ ಪಾರ್ಟಿ’ ಎಂದು ಧಾರಾಳವಾಗಿ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಹ್ಯಾವ್ (ಇರುವುದು ಎಂಬ ಅರ್ಥದಲ್ಲಿ), ನೋ, ವಾಂಟ್, ಲೈಕ್, ಬಿಲಾಂಗ್ ಇವು ಕೆಲಸಗಳಲ್ಲ, ಸ್ಥಿತಿಗಳು. ಇವುಗಳಿಗೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ಈ ಗಳಿಗೆಯ ಮಾತಾದರೂ ಸಿಂಪಲ್ ಪ್ರೆಸೆಂಟ್ ಆಗಬೇಕು. ಇದು ಕಷ್ಟ ಎನಿಸಿದರೆ ಕನ್ನಡವನ್ನು ಕೇಳಿ. ‘ನನಗೆ ನೀರು ಬೇಕು’ ಎನ್ನುತ್ತೇವೆ. ‘ಬೇಕುತ್ತಿದೆ’ ಎನ್ನುತ್ತೇವೆಯೇ? ‘ನನಗೆ ಅವನು ಗೊತ್ತು’ ಎನ್ನುತ್ತೇವೆ. ‘ಗೊತ್ತುತ್ತಿದೆ’ ಎಂದರೆ ಮಗುವೂ ನಗುತ್ತದೆ. ಬೇಕು, ಸಾಕು, ಗೊತ್ತು, ಇದೆ ಇವುಗಳ ಹತ್ತಿರ ‘ಉತ್ತ’ ಸುಳಿಯುವುದಿಲ್ಲ. ಕನ್ನಡ ಎಲ್ಲಿ ‘ಉತ್ತ’ವನ್ನು ದೂರವಿಟ್ಟಿದೆಯೋ, ಬಹುಪಾಲು ಅಲ್ಲೇ ಇಂಗ್ಲಿಷ್ ‘ಇಂಗ್’ ಅನ್ನು ದೂರವಿಟ್ಟಿದೆ. ಅಂದರೆ ‘ಹಿ ಹ್ಯಾಸ್ ಟೂ ಪೇರ್ಸ್ ಆಫ್ ಸ್ಪೆಕ್ಟಕಲ್ಸ್’. ಒಂದು ಓದಲು, ಒಂದು ಕಳೆದುಹೋದ ಮೊದಲನೆಯದನ್ನು ಹುಡುಕಲು.

ಹೀಗೆ ಹತ್ತೂ ವಾಕ್ಯ ಸರಿಯಾದವು. ಆಮೇಲೆ ಪುಟ್ಟಿ ಒಂದು ಮಾತು ಹೇಳಿದಳು: “ಸುಲಭ ಅಜ್ಜಾ! ಕನ್ನಡದಲ್ಲಿ ‘ಉತ್ತಾನೆ’ ಅಂತ ಬಂದ್ರೆ ಇಂಗ್ಲಿಷಿನಲ್ಲಿ ಎಸ್ ಹಾಕೋದು. ಓದುತ್ತಾನೆ ಅಂದ್ರೆ ರೀಡ್ಸ್, ಹೋಗುತ್ತಾನೆ ಅಂದ್ರೆ ಗೋಸ್, ಕಟ್ಟುತ್ತಾನೆ ಅಂದ್ರೆ ಪೇಸ್!”

ಕಟ್ಟುತ್ತಾನೆ ಅಂದರೆ ಪೇಸ್. ಅವಳ ಬಾಯಿಂದ ಬೇರೆ ಯಾವ ಪದವಾದರೂ ಬರಬಹುದಿತ್ತು. ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳದ ಸಂಗತಿಯನ್ನು ಆ ಮಗುವಿಗೆ ಹೇಳಿದೆ. ಅದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

1969ರ ಜುಲೈ 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆಮೇಲೆ ಹಳ್ಳಿ ಹಳ್ಳಿಗಳಲ್ಲಿ ಶಾಖೆಗಳು ತೆರೆದವು, ರೈತರಿಗೆ ಬ್ಯಾಂಕಿನ ಬಾಗಿಲು ಕಂಡಿತು. ಹೊಸಪೇಟೆಯಲ್ಲಿ ಬಿ.ಕಾಂ. ಮುಗಿಸಿದ ನನ್ನಂಥವರಿಗೆ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುವೆ ನಾನು ಹರಪನಹಳ್ಳಿ ಕಡೆಯ ಒಂದು ಸಣ್ಣ ಶಾಖೆಯಲ್ಲಿದ್ದೆ. ಎರಡು ವರ್ಷ ಮಳೆ ಕೈಕೊಟ್ಟಿತ್ತು. ಶೇಂಗಾ ಬಿತ್ತಿದವರಿಗೆ ಬೀಜದ ಖರ್ಚೂ ಹುಟ್ಟಿರಲಿಲ್ಲ. ಅಂಥವರ ಬೆಳೆ ಸಾಲದ ಅವಧಿಯನ್ನು ಮುಂದೂಡಿ, ಸಣ್ಣ ಕಂತುಗಳಾಗಿ ಮಾಡಿಕೊಡಲು ಅವಕಾಶವಿತ್ತು. ಒಬ್ಬೊಬ್ಬ ರೈತನ ಹೇಳಿಕೆ ಪಡೆದು, ಇಂಗ್ಲಿಷಿನಲ್ಲಿ ಬರೆದು, ಮೇಲಿನ ಕಚೇರಿಗೆ ಕಳಿಸಬೇಕಿತ್ತು. ನಮ್ಮ ಮ್ಯಾನೇಜರು ಹೊರ ರಾಜ್ಯದವರು, ಕನ್ನಡ ಆಗತಾನೇ ಕಲಿಯುತ್ತಿದ್ದರು. ಹೇಳಿಕೆ ಬರೆಯುವ ಕೆಲಸ ನನ್ನದಾಯಿತು.

ಒಬ್ಬ ರೈತರು ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾಲ್ಕು ಎಕರೆ ಖುಷ್ಕಿ ಹೊಲ. ಕೌಂಟರಿನ ಆಚೆ ನಿಂತು, ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು ಹೇಳಿದರು: “ಎರಡೆತ್ತು ಅದಾವ್ರೀ ಸಾಹೇಬ್ರ. ಬ್ಯಾರೇರ ಹೊಲ ಬಾಡಿಗಿ ಹೊಡೀತೀನಿ. ಕಂತು ಕಟ್ತೀನಿ. ಬಿಡಂಗಿಲ್ಲ.”

ನಾನು ಬರೆದೆ: ‘ಹಿ ಹ್ಯಾಸ್ ಟೂ ಬುಲಕ್ಸ್. ಹಿ ಪ್ಲೌಸ್ ದಿ ಫೀಲ್ಡ್ಸ್ ಆಫ್ ಅದರ್ಸ್ ಫಾರ್ ಹೈರ್. ಹಿ ಪೇಸ್ ದಿ ಇನ್‌ಸ್ಟಾಲ್‌ಮೆಂಟ್ಸ್.’

ಮೂರು ವಾಕ್ಯ. ಹ್ಯಾವ್ ಅನ್ನು ಹ್ಯಾಸ್ ಮಾಡಿದ್ದೆ. ಪ್ಲೌಗೆ ಎಸ್ ಹಾಕಿದ್ದೆ. ಪೇಗೆ ಎಸ್ ಹಾಕಿದ್ದೆ. ಮೇಷ್ಟ್ರು ನೋಡಿದ್ದರೆ ಮೂರಕ್ಕೆ ಮೂರು ಅಂಕ ಕೊಡುತ್ತಿದ್ದರು. ಮ್ಯಾನೇಜರು ಸಹಿ ಮಾಡಿದರು. ಕಾಗದ ಹೋಯಿತು.

ಒಂದೂವರೆ ತಿಂಗಳ ಮೇಲೆ ಕಾಗದ ವಾಪಸ್ ಬಂತು. ಅಂಚಿನಲ್ಲಿ ಒಂದು ಪ್ರಶ್ನೆ ಬರೆದಿದ್ದರು. ಇವರಿಗೆ ಎತ್ತಿನ ಬಾಡಿಗೆಯ ವರಮಾನವಿದೆ, ಕಂತುಗಳನ್ನೂ ಕಟ್ಟುತ್ತಾ ಬಂದಿದ್ದಾರೆ ಎಂದು ನೀವೇ ಹೇಳಿದ್ದೀರಿ, ಹಾಗಿದ್ದರೆ ಅವಧಿ ಮುಂದೂಡುವ ಅಗತ್ಯವೇನು ಎಂಬುದು ಅದರ ಸಾರಾಂಶ.

ಆಗ ನನ್ನ ಬರಹವನ್ನು ನಾನೇ ಮತ್ತೆ ಓದಿದೆ. ಕೈ ತಣ್ಣಗಾಯಿತು. ಆ ರೈತರು ಹೇಳಿದ್ದು ರೂಢಿಯನ್ನಲ್ಲ, ಭರವಸೆಯನ್ನು. ಮಳೆ ಬರಲಿ, ಬೇರೆಯವರ ಹೊಲ ಹೊಡೆಯುವೆ, ಆ ದುಡ್ಡಿನಲ್ಲಿ ಕಂತು ಕಟ್ಟುವೆ ಎಂದು. ಎರಡು ವರ್ಷ ಮಳೆಯಿಲ್ಲದ ಊರಿನಲ್ಲಿ ಯಾರ ಹೊಲವನ್ನು ಯಾರು ಬಾಡಿಗೆಗೆ ಹೊಡೆಸುತ್ತಾರೆ? ಇಷ್ಟು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಗಮನವೆಲ್ಲ ಎಸ್ ಮೇಲಿತ್ತು.

ಇಲ್ಲಿ ಕನ್ನಡದ ಒಂದು ಗುಣ ತಿಳಿಯಬೇಕು. ನಮ್ಮ ವ್ಯಾಕರಣದಲ್ಲಿ ವರ್ತಮಾನಕ್ಕೆ ‘ಉತ್ತ’, ಭವಿಷ್ಯತ್ತಿಗೆ ‘ವ’ ಎಂದು ಕಲಿಸುತ್ತಾರೆ. ಮಾಡುತ್ತೇನೆ, ಮಾಡುವೆನು. ಆದರೆ ಮಾತಿನಲ್ಲಿ ‘ನಾಳೆ ಬರುವೆನು’ ಎನ್ನುವವರು ಎಷ್ಟು ಜನ? ಆ ‘ವೆನು’ ಪದ್ಯದಲ್ಲಿ, ನಾಟಕದಲ್ಲಿ ಉಳಿದಿದೆ. ಮನೆಯಲ್ಲಿ, ಸಂತೆಯಲ್ಲಿ ನಾವು ‘ನಾಳೆ ಬರ್ತೀನಿ’ ಎನ್ನುತ್ತೇವೆ, ‘ದಿನಾ ಬರ್ತೀನಿ’ ಎಂದೂ ಎನ್ನುತ್ತೇವೆ. ಒಂದೇ ‘ಬರ್ತೀನಿ’ಯಲ್ಲಿ ರೂಢಿಯೂ ಇದೆ, ನಾಳೆಯೂ ಇದೆ. ಕೇಳುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಅವೆರಡೂ ಬೇರೆ ಬೇರೆ ಖಾತೆ. ರೂಢಿಯಾದರೆ ‘ಹಿ ಪೇಸ್’. ಮುಂದಿನ ಮಾತಾದರೆ ‘ಹಿ ವಿಲ್ ಪೇ’. ಆ ಖಾತೆಗೆ ಹಾಕಬೇಕಾದ್ದನ್ನು ನಾನು ಈ ಖಾತೆಗೆ ಹಾಕಿದ್ದೆ.

ಮ್ಯಾನೇಜರಿಗೆ ಹೇಳಿ, ತಿದ್ದಿದ ಹೇಳಿಕೆ ಬರೆದು ಮತ್ತೆ ಕಳಿಸಿದೆ. ಆದರೆ ಅಷ್ಟರಲ್ಲಿ ವಾಯಿದೆ ಮೀರಿದ ಸಾಲಗಳಿಗೆಲ್ಲ ನೋಟಿಸು ಹೋಗಿತ್ತು, ಅವರಿಗೂ ಹೋಗಿತ್ತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರು ಬಂದರು. ಟವೆಲ್ಲಿನ ಗಂಟು ಬಿಚ್ಚಿ ನೋಟುಗಳನ್ನು ಕೌಂಟರಿನ ಮೇಲೆ ಇಟ್ಟರು. ನಾನು ಎಣಿಸಿದೆ. ರಸೀದಿಗೆ ಮುದ್ರೆ ಒತ್ತಿ ಕೊಟ್ಟೆ. ಅವರು ಅದನ್ನು ಮಡಿಸಿ ಅಂಗಿಯ ಒಳ ಜೇಬಿಗೆ ಇಟ್ಟುಕೊಂಡು ಹೇಳಿದರು: “ಕಟ್ತೀನಿ ಅಂದಿದ್ದೆ. ಇವತ್ತ ಕಟ್ಟೀನಿ.”

ನಮ್ಮ ಕಡೆಯ ಮಾತು ತಿಳಿಯದ ಮಕ್ಕಳಿಗಾಗಿ ಹೇಳುತ್ತೇನೆ. ‘ಕಟ್ತೀನಿ’ ಎಂದರೆ ಕಟ್ಟುತ್ತೇನೆ. ‘ಕಟ್ಟೀನಿ’ ಎಂದರೆ ಕಟ್ಟಿದ್ದೇನೆ. ನಡುವೆ ಇರುವುದು ಒಂದು ಒತ್ತಕ್ಷರದ ವ್ಯತ್ಯಾಸ.

“ದುಡ್ಡು ಹೆಂಗ ಹೊಂದಿಸಿದ್ರಿ?” ಎಂದು ಕೇಳಿದೆ.

“ಒಂದೆತ್ತು ಮಾರೀನ್ರೀ” ಎಂದು ಹೊರಟುಹೋದರು.

ಅವಧಿ ಮುಂದೂಡಲು ಒಪ್ಪಿಗೆಯ ಕಾಗದ ಬಂದದ್ದು ಮೇ ತಿಂಗಳಲ್ಲಿ. ಜೂನಿನಲ್ಲಿ ಮಳೆ ಚೆನ್ನಾಗಿಯೇ ಬಂತು. ಒಂದೇ ಎತ್ತು ಉಳಿದಿದ್ದ ಅವರು ಇನ್ನೊಬ್ಬರ ಒಂಟಿ ಎತ್ತಿನ ಜೊತೆ ಹೂಡಿ, ಮೊದಲು ಅವರ ಹೊಲ ಮುಗಿಸಿ, ಆಮೇಲೆ ತಮ್ಮ ಹೊಲಕ್ಕೆ ಇಳಿದರೆಂದು ಕೇಳಿದೆ. ಬಿತ್ತನೆ ತಡವಾಯಿತು. ಬೇರೆಯವರ ಹೊಲಕ್ಕೆ ಬಾಡಿಗೆ ಹೋಗುವ ಮಾತಂತೂ ಉಳಿಯಲೇ ಇಲ್ಲ. ನನಗೆ ಯಾರೂ ಮೆಮೋ ಕೊಡಲಿಲ್ಲ, ಸಂಬಳ ಹಿಡಿಯಲಿಲ್ಲ. ಸಂಜೆಯ ಲೆಕ್ಕ ಎಂದಿನಂತೆ ಸರಿಯಾಗಿ ಕೂಡಿತು.

ನಿವೃತ್ತಿಯಾದ ಮೇಲೆ ಒಂದು ದಿನ ಹೂವಿನ ಹಡಗಲಿಯ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ತುಂಬಾ ವಯಸ್ಸಾಗಿತ್ತು. ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡರು. ಮಗ ಬೋರ್‌ವೆಲ್ ಹಾಕಿಸಿದ್ದಾನೆ, ಮಲ್ಲಿಗೆ ಹಾಕಿದ್ದಾನೆ ಎಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವರಿಗೆ ಇಂಗ್ಲಿಷಿನ ಸಂಗತಿ ಪೂರಾ ತಿಳಿಯಿತೋ ಇಲ್ಲವೋ. ಬಯ್ಯುತ್ತಾರೆ ಎಂದುಕೊಂಡೆ, ಬಯ್ಯಲಿಲ್ಲ. ಪರವಾಗಿಲ್ಲ ಬಿಡ್ರೀ ಎನ್ನುತ್ತಾರೆ ಎಂದುಕೊಂಡೆ, ಅದನ್ನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ ಇಷ್ಟು ಹೇಳಿದರು: “ಯಾವಾಗ ಕಟ್ತೀಯಪ್ಪಾ ಅಂತ ನೀವು ಒಂದ್ ಮಾತು ಕೇಳಬೇಕಿತ್ತು. ನಾ ಹೇಳ್ತಿದ್ದೆ.”

ಅಷ್ಟೇ. ಅವರ ಬಸ್ಸು ಬಂತು, ಹೋದರು.

ಪುಟ್ಟಿ ಎಲ್ಲವನ್ನೂ ಕೇಳಿ ಬಹಳ ಹೊತ್ತು ಪೆನ್ಸಿಲ್ಲಿನ ಹಿಂಬದಿ ಕಚ್ಚುತ್ತ ಕುಳಿತಿದ್ದಳು. ಆಮೇಲೆ ಕೇಳಿದಳು: “ಅಜ್ಜಾ, ವಿಲ್ ಅಂತ ಬರೆದಿದ್ರೆ ಎತ್ತು ಉಳೀತಿತ್ತಾ?”

“ಗೊತ್ತಿಲ್ಲ ತಾಯಿ. ಉಳೀಬಹುದಿತ್ತು” ಎಂದೆ.

ಆ ಸಂಜೆ ಅವಳನ್ನು ನಮ್ಮೂರ ಕಲ್ಲೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಹನ್ನೊಂದನೇ ಶತಮಾನದ ಶಿಲ್ಪಿಗಳು ಬಾಗಿಲುವಾಡದ ಮೇಲೆ ಬಿಡಿಸಿದ ಬಳ್ಳಿಗಳನ್ನು ನೋಡಲು ದೂರದೂರದವರು ಬರುತ್ತಾರೆ. ಅಲ್ಲಿ ಕುಳಿತು ಅವಳಿಗೆ ಇನ್ನೂ ಹಳೆಯದೊಂದು ಕಥೆ ಹೇಳಿದೆ. ನಮ್ಮೂರಿನಲ್ಲಿ ಸಿಕ್ಕ ತಾಮ್ರದ ಹಲಗೆಗಳು ಚರಿತ್ರೆಯ ಪುಸ್ತಕಗಳಲ್ಲಿ ಹಿರೇಹಡಗಲಿ ತಾಮ್ರಪಟಗಳೆಂದೇ ಹೆಸರಾಗಿವೆ. ಪಲ್ಲವ ದೊರೆ ಶಿವಸ್ಕಂದವರ್ಮ ಕಂಚಿಯಿಂದ ಬರೆಸಿ ಕೊಟ್ಟ ದಾನಶಾಸನ. ನಾಲ್ಕನೇ ಶತಮಾನದ್ದೆಂದು ವಿದ್ವಾಂಸರು ಹೇಳುತ್ತಾರೆ. ಭಾಷೆ ಕನ್ನಡವಲ್ಲ, ತಮಿಳೂ ಅಲ್ಲ. ಪ್ರಾಕೃತ. ಕೊನೆಯಲ್ಲಿ ಮಾತ್ರ ಸಂಸ್ಕೃತದ ಆಶೀರ್ವಾದ. ಆ ಹಲಗೆಗಳಲ್ಲಿ ಹೇಳಿದ ನೆಲವನ್ನು ಉತ್ತವರು ಅದನ್ನು ಓದಿರಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ನಡುವೆ ಕುಳಿತು ಅದನ್ನು ಓದಿ ಹೇಳುವವನು ಒಬ್ಬ ಇದ್ದಿರಬೇಕು. ನನ್ನ ಹಾಗೆ ಒಬ್ಬ ಗುಮಾಸ್ತ. ಹೊಲದವನ ಭಾಷೆ ಒಂದು, ಕಾಗದದ ಭಾಷೆ ಇನ್ನೊಂದು ಇರುವ ಕಡೆಯಲ್ಲೆಲ್ಲ ಆ ನಡುವಿನವನ ಮೇಲೆ ಭಾರವಿದೆ. ನಾಳೆ ನೀವು ಮಕ್ಕಳು ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಅಜ್ಜ ಅಜ್ಜಿಯರ ಮಾತನ್ನು ಇಂಗ್ಲಿಷಿಗೆ ದಾಟಿಸುವ ಜಾಗದಲ್ಲಿ ಕುಳಿತಿರುತ್ತೀರಿ. ‘ಹೊಟ್ಟೆ ನೋಯ್ತದ’ ಎಂದು ಅಜ್ಜಿ ಹೇಳಿದರೆ ಅದು ಈಗ ನೋಯುತ್ತಿರುವುದೋ, ಊಟವಾದ ಮೇಲೆ ದಿನವೂ ನೋಯುವುದೋ? ಡಾಕ್ಟರಿಗೆ ಎರಡೂ ಒಂದೇ ಅಲ್ಲ.

ಆದ್ದರಿಂದ ಪುಟ್ಟಿಗೆ ಹೇಳಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ‘ಉತ್ತಾನೆ’ ಕಂಡ ಕೂಡಲೇ ಎಸ್ ಹಾಕಬೇಡಿ. ಮೊದಲು ‘ಯಾವಾಗ?’ ಎಂದು ಕೇಳಿ. ದಿನಾ, ಯಾವಾಗಲೂ, ವಾರಕ್ಕೊಮ್ಮೆ, ವರ್ಷಕ್ಕೊಮ್ಮೆ ಎಂಬ ಉತ್ತರ ಬಂದರೆ ಸಿಂಪಲ್ ಪ್ರೆಸೆಂಟ್. ಈಗ, ಈ ಹೊತ್ತಿನಲ್ಲಿ ಎಂದರೆ ಇಂಗ್. ನಾಳೆ, ಮಳೆ ಬಂದ ಮೇಲೆ, ಮುಂದಿನ ಸುಗ್ಗಿಗೆ ಎಂದರೆ ವಿಲ್. ಉತ್ತರ ಗೊತ್ತಿಲ್ಲದಿದ್ದರೆ ಊಹಿಸಬೇಡಿ, ಹೇಳಿದವರನ್ನೇ ಇನ್ನೊಂದು ಸಲ ಕೇಳಿ. ಎಸ್ ಮರೆತರೆ ಒಂದು ಅಂಕ ಹೋಗುತ್ತದೆ. ಕೇಳುವುದನ್ನು ಮರೆತರೆ ಏನು ಹೋಗುತ್ತದೆ ಎಂಬುದು ನನಗೆ ಗೊತ್ತು.

ನನ್ನ ವಯಸ್ಸಿನ ಹಿರಿಯರೇ, ಈ ವಾರ ಮೊಮ್ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ನಿಮ್ಮ ದಿನಚರಿ ಹೇಳಿ, ಅವರು ಹತ್ತು ವಾಕ್ಯ ಬರೆಯಲಿ. ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ‘ಯಾವಾಗ?’ ಎಂದು ಅವರು ಕೇಳಿದರೆ ಬೇಸರಪಡದೆ ಉತ್ತರ ಕೊಡಿ, ಸಾಕು.

ರಜೆ ಮುಗಿದು ಪುಟ್ಟಿ ಹೊರಡುವ ದಿನ ನೋಟ್‌ಬುಕ್ಕು ತೋರಿಸಿದಳು. ಹತ್ತು ವಾಕ್ಯದ ಕೆಳಗೆ ಹನ್ನೊಂದನೆಯದೊಂದು ಸೇರಿಸಿದ್ದಳು. ‘ನೌ ಹಿ ಆಸ್ಕ್ಸ್ ವೆನ್.’ ಎಸ್ ಸರಿಯಾದ ಜಾಗದಲ್ಲಿತ್ತು. ಬಸ್ಸಿಗೆ ಹತ್ತಿಸುವಾಗ “ದೀಪಾವಳಿಗೆ ಬರ್ತೀನಿ ಅಜ್ಜಾ” ಎಂದಳು. ಯಾವಾಗ ಎಂದು ನಾನು ಕೇಳುವ ಮೊದಲೇ ಕಿಟಕಿಯಿಂದ ಕೂಗಿದಳು: “ಹಬ್ಬದ ಹಿಂದಿನ ದಿನ, ಸಂಜೆ ಬಸ್ಸಿಗೆ!”